ಸಾಮಾನಿನ ಪೆಟ್ಟಿಗೆಯ ಮರಳು

ಮಾರ್ಚ್ ೧೪, ಶುಕ್ರವಾರ

ಅಪ್ಪನ ಪಿಕಪ್ಪಿಗೆ ಯಾವ ಶಾಕ್ ಅಬ್ಸಾರ್ಬರ್ ಹಾಕಿಸುವುದು, ಎಷ್ಟು ಎತ್ತರಿಸುವುದು ಎಂಬ ತಲೆನೋವು ಹದಿನೈದು ದಿನದಿಂದ ಇದೆ. ಕಲ್ಲುದಾರಿಯಲ್ಲಿ ತಳ ಬಡಿಯುತ್ತದೆ. ಹಿಂಭಾಗ ಎರಡು ಇಂಚು ಕುಸಿದಿದೆ ಎಂದು ನಾನೇ ಟೇಪು ಹಿಡಿದು ಅಳೆದಿದ್ದೆ. ಗಟ್ಟಿ ಶಾಕ್, ಗಾಡಿಯನ್ನು ಮೂರು ಇಂಚು ಎತ್ತರಿಸುವ ಲಿಫ್ಟ್ ಕಿಟ್ ಎಂದು ಮನಸ್ಸು ಮಾಡಿಯಾಗಿತ್ತು. ಅಮ್ಮನದು ಒಂದೇ ಮಾತು: "ಅಷ್ಟೆತ್ತರ ಮಾಡಿದ್ರೆ ಈ ಮಂಡಿ ಇಟ್ಕೊಂಡು ನಾನು ಹತ್ತೋದು ಹೇಗೋ?"

ಇವತ್ತು ಮೆಕ್ಯಾನಿಕ್ ಹಿಂದಿನ ಸಾಮಾನಿನ ಪೆಟ್ಟಿಗೆ ತೆರೆದವನೇ ನಕ್ಕುಬಿಟ್ಟ. ಅಪ್ಪ ಹೋದ ಮೇಲೆ ನಾನು ಅದರ ಬೀಗ ತೆಗೆದೇ ಇರಲಿಲ್ಲ.

"ಸಾರ್, ನಾಲ್ಕು ಮೂಟೆ ಮರಳು ಹೊರಿಸಿ ಅಳತೆ ತಗೊಂಡಿದ್ದೀರಲ್ಲ!"

ಇಳಿಸಿದೊಡನೆ ಗಾಡಿ ಸೊಂಟ ನೆಟ್ಟಗೆ ಮಾಡಿ ನಿಂತಿತು.

ಸಂಜೆ ಅಮ್ಮನಿಗೆ ಹೇಳಿದೆ. "ಖಾಲಿ ಗಾಡಿ ಕುಣಿಯುತ್ತೆ, ನನ್ನ ಬೆನ್ನು ತಡೆಯಲ್ಲ ಅಂತ ನಾನು ಗೋಳಾಡಿದ್ದಕ್ಕೆ ನಿಮ್ಮಪ್ಪನೇ ತುಂಬಿಸಿದ್ರು. ನಿನಗೇನು ಗೊತ್ತು, ಆಗ ನೀನು ಚಿಕ್ಕೋನು, ನನ್ನ ತೊಡೆ ಮೇಲೆ ಗೊರಕೆ ಹೊಡೀತಿದ್ದೆ."

ಆಗ ಆ ಕಲ್ಲುದಾರಿ ನುಣ್ಣಗಿತ್ತು, ಈಗ ಹಾಳಾಗಿದೆ ಎಂದೇ ಇಷ್ಟು ವರ್ಷ ನಂಬಿದ್ದೆ.

ಮೆತ್ತನೆಯ ಶಾಕ್, ಒಂದೇ ಇಂಚು ಎತ್ತರ, ಅಮ್ಮ ಹತ್ತಲು ಒಂದು ಮೆಟ್ಟಿಲು ಎಂದು ಮೆಕ್ಯಾನಿಕ್‌ಗೆ ಹೇಳಿಯಾಯಿತು. ಮೂಟೆಗಳು ಅವನ ಅಂಗಳದಲ್ಲೇ ಇವೆ. ಬಿಸಾಡಬೇಡ ಎಂದು ಹೇಳಲು ಮರೆತೆ. ಬೆಳಿಗ್ಗೆ ಅವನು ಬಾಗಿಲು ತೆಗೆಯುವ ಮೊದಲೇ ಹೋಗಿ ಅವನ್ನು ಮನೆಗೆ ತರಬೇಕು.