ಒಂದು ಸುತ್ತು ದೊಡ್ಡ ಬೊಟ್ಟು

ರೋಹಿಣಿ ಬಡಾವಣೆ, ನವೆಂಬರ್ ೨೦೦೬

ಪುಷ್ಪಕ್ಕ,

ನೀನು ತೀರಿಕೊಂಡು ಆರು ವರ್ಷವಾಯಿತು. ಆದರೂ ಇದನ್ನು ಹೇಳಿಕೊಳ್ಳಲು ನನಗೆ ಬೇರೆ ಯಾರೂ ಇಲ್ಲ.

ನನ್ನ ಹಣೆಯಲ್ಲಿ, ಬೊಟ್ಟಿಡುವ ಜಾಗದಲ್ಲೇ, ಕಡಲೆಬೇಳೆಯಷ್ಟು ಬಿಳಿ ಮಚ್ಚೆ ಮೂಡಿದೆ. ನಿನಗೂ ಅಲ್ಲೇ ಶುರುವಾಗಿತ್ತಲ್ಲ, ಅದಕ್ಕೇ ಹೆದರಿ ಇವತ್ತು ಒಬ್ಬಳೇ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಕೋಣೆಯ ದೀಪ ಆರಿಸಿ, ನೇರಳೆ ಬೆಳಕು ಹಿಡಿದು ನೋಡಿದರು.

“ಅರೇ ಮೇಡಂ, ಇದು ನಿಮ್ಮ ಸ್ಟಿಕ್ಕರ್ ಬಿಂದಿಯ ಗೋಂದಿನ ಕೆಲಸ. ಬಿಂದಿ ಬಂದ್, ಈ ಮುಲಾಮು ಚಾಲೂ. ಬೇಗ ಬಂದಿದ್ದೀರಿ, ಬಣ್ಣ ಮರಳಬಹುದು. ಆದರೆ ಮುಚ್ಚಿಕೊಳ್ಳೋಕೆ ಅಂತ ಇನ್ನೂ ದೊಡ್ಡ ಬಿಂದಿ ಅಂಟಿಸಬೇಡಿ. ಎಲ್ಲರೂ ಅದನ್ನೇ ಮಾಡ್ತಾರೆ,” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ನಿನ್ನ ಮಚ್ಚೆ ಬೆಳೆದಂತೆಲ್ಲ, ಅಪ್ಪನ ಹೋಟೆಲಿನ ಎದುರಿದ್ದ ಬಳೆ ಅಂಗಡಿಯಿಂದ ಒಂದು ಸುತ್ತು ದೊಡ್ಡ ಬೊಟ್ಟಿನ ಪ್ಯಾಕೆಟ್ ತರುತ್ತಿದ್ದವಳು ನಾನು. “ಇನ್ನೂ ದೊಡ್ಡದು ತಾರೇ, ದೇವಿ ಆಗಿ ಕೂತ್ಬಿಡ್ತೀನಿ, ನೀವೆಲ್ಲ ಕೈ ಮುಗೀರಿ,” ಅನ್ನುತ್ತಿದ್ದೆ ನೀನು. ನೋಡಲು ಬಂದ ಗಂಡುಗಳೆಲ್ಲ ಹಿಂದೆ ಸರಿದ ಮೇಲೂ ಅದೇ ತಮಾಷೆ. ಆಮೇಲೆ ಸರದಿ ನನ್ನದಾಯಿತು. ನನ್ನನ್ನು ನೋಡಲು ಬಂದ ದಿನ ನೀನು ಒಳಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದೆ.

ಚೀಟಿ ಬರೆಯುತ್ತ ಡಾಕ್ಟರ್ ಕೇಳಿದರು: “ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ?”

ಆ ದಿನ ಗಂಡಿನ ಕಡೆಯವರಿಗೆ ನಾವು ಕೊಟ್ಟ ಉತ್ತರವೇ ಬಾಯಿಗೆ ಬಂತು, ಅಕ್ಕ. ನಮ್ಮಲ್ಲಿ ಯಾರಿಗೂ ಇಲ್ಲ, ಎಂದೆ.