ನಮ್ಮ ಪಾಠಗಳ ಮೇಲೆ ನಿಮ್ಮ ಹೆಸರು

ಕಮಲಾಪುರ
೨ ಜುಲೈ ೨೦೦೭

ಗುರುರಾಜ ಅವರಿಗೆ,

ಬಿ.ಎಡ್. ಓದುವಾಗಿನಿಂದ ‘ನೀನು’ ಎಂದೇ ಬರೆದವಳು ಇಂದು ‘ನೀವು’ ಎನ್ನುತ್ತಿದ್ದೇನೆ. ನಿಮ್ಮ ಯುಗಾದಿಯ ಕಾರ್ಡಿಗೆ ಇಷ್ಟು ತಡವಾಗಿ ಉತ್ತರಿಸುತ್ತಿರುವುದಕ್ಕೆ ಮನ್ನಿಸಿ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದೆ; ಇಳಿಯಲಿಲ್ಲ. ಇಂದೂಬಾಯಿಯವರೂ ಮಗಳು ತುಂಗಾಳೂ ಕ್ಷೇಮವೆಂದು ನಂಬಿದ್ದೇನೆ.

ಗಣಿತದಲ್ಲಿ ನಪಾಸಾದ ಹುಡುಗಿಯರಿಗೆಂದು ನಾನು ಬರೆದ ಪಾಠಗಳನ್ನು ಕಂಪ್ಯೂಟರಿಗೆ ಹಾಕಿ ಸಿ.ಡಿ. ಮಾಡಿಕೊಟ್ಟವರು ನೀವೇ. ಮೊದಲ ಪುಟದ ಷರತ್ತನ್ನೂ ಇಬ್ಬರೂ ಕುಳಿತು ಬರೆದೆವು: ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ಹಂಚಬಹುದು, ಬರೆದವರ ಹೆಸರು ಉಳಿಸಬೇಕು, ತಿದ್ದಿದ್ದನ್ನೂ ಇದೇ ಷರತ್ತಿನ ಮೇಲೆ ಎಲ್ಲರಿಗೂ ಬಿಡಬೇಕು. ಅದೇ ಪಾಠಗಳು ಈ ವರ್ಷ ನಿಮ್ಮ ಹೆಸರಿನ ಗೈಡಾಗಿ ಅಂಗಡಿಗೆ ಬಂದವು. ಒಳಗೆ ‘ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಿದೆ’ ಎಂದಿತ್ತು. ನನ್ನ ಹೆಸರು ಇರಲಿಲ್ಲ.

ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಮೇ ತಿಂಗಳಲ್ಲಿ ನಿಮ್ಮ ಏಜೆಂಟ್ ದತ್ತಪ್ಪ ಇಲ್ಲಿಯ ಝೆರಾಕ್ಸ್ ಅಂಗಡಿಗೆ ಬಂದು, ಈ ಪಾಠ ನಕಲು ಮಾಡಿದರೆ ಪೊಲೀಸರನ್ನು ಕರೆತರುತ್ತೇನೆಂದು ಇಮಾಮುದ್ದೀನರನ್ನು ಹೆದರಿಸಿ ಹೋದ. ಜೂನ್ ಪರೀಕ್ಷೆ ಹತ್ತಿರ ಬಂದಿತ್ತು. ನನ್ನ ಹಾಳೆಗಳನ್ನು ನನ್ನ ಕೈಗೇ ಮರಳಿಸುತ್ತ ಅವರು, “ಕೇಸು ಗೀಸು ನನಗ ಬ್ಯಾಡ್ರಿ ಬಾಯಾರ, ಮಕ್ಕಳು ಮರಿ ಅದಾವ,” ಎಂದರು.

ಮರುದಿನವೇ ಗಾಜಿಪುರದ ನಿಮ್ಮ ಮನೆಗೆ ಬಂದೆ. ಇಂದೂಬಾಯಿಯವರು ಚಹಾ ತಂದಿಟ್ಟರು, ನಾನು ಮುಟ್ಟಲಿಲ್ಲ. ದತ್ತಪ್ಪನನ್ನು ಕಳಿಸಿದ್ದು ನೀವೇನಾ ಎಂದು ಕೇಳಿದರೆ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. “ಪುಕ್ಕಟ ಸಿಕ್ಕದ್ದಕ್ಕ ಯಾರೂ ಕಿಮ್ಮತ್ ಕೊಡಂಗಿಲ್ಲ ಭೀಮಬಾಯಿ. ನಾ ಅದಕ್ಕ ಕಿಮ್ಮತ್ ತಂದೀನಿ,” ಎಂದಿರಿ. ಷರತ್ತಿನ ಪುಟ ತೆಗೆದು ಮುಂದಿಟ್ಟೆ. ಅದನ್ನು ಯಾವ ಕೋರ್ಟು ಓದುತ್ತದೆ ಎಂದು ನಕ್ಕಿರಿ.

ಕೋರ್ಟು ಓದಲಿ, ಬಿಡಲಿ, ನಾನು ಓದಿದೆ. ತಿದ್ದಿದ್ದೂ ಎಲ್ಲರದೇ ಎಂದು ಅಲ್ಲಿದೆ. ಬಸ್ ಹತ್ತುವ ಮುಂಚೆ ನಿಮ್ಮ ಗೈಡು ಕೊಂಡೆ. ನೀವು ಸೇರಿಸಿದ ಉತ್ತರಗಳೂ ಮಾದರಿ ಪ್ರಶ್ನೆಪತ್ರಿಕೆಗಳೂ ಚೆನ್ನಾಗಿವೆ, ಇಲ್ಲವೆನ್ನುವುದಿಲ್ಲ. ಮೊದಲ ಪುಟದಲ್ಲಿ ಇಬ್ಬರ ಹೆಸರನ್ನೂ ಷರತ್ತನ್ನೂ ಬರೆದು, ಇಡೀ ಗೈಡನ್ನೇ ಇಮಾಮುದ್ದೀನರ ಮುಂದಿಟ್ಟೆ. ಪೊಲೀಸರು ಬಂದರೆ ಜವಾಬ್ದಾರಿ ನನ್ನದೆಂದು ಸಹಿ ಮಾಡಿಕೊಟ್ಟೆ. ಅವರು ಆ ಚೀಟಿಯನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟು ಯಂತ್ರ ಚಾಲೂ ಮಾಡಿದರು. ಸುತ್ತಲಿನ ಹೈಸ್ಕೂಲುಗಳಿಗೆಲ್ಲ ಪ್ರತಿ ಹೋಗಿದೆ. ಪೊಲೀಸರು ಬರಲಿಲ್ಲ. ದತ್ತಪ್ಪ ಬಂದ, ನೋಡಿದ, ಹೋದ. ಹುಡುಗಿಯರು ಪರೀಕ್ಷೆ ಬರೆದರು. ನಿಮ್ಮ ಗೈಡನ್ನು ಇಲ್ಲಿ ಇನ್ನು ಯಾರೂ ಕೊಳ್ಳುವುದಿಲ್ಲ. ಅದಕ್ಕೆ ನನಗೆ ಸಂತೋಷವಾಗಿದೆ, ಮುಚ್ಚಿಡುವುದಿಲ್ಲ.

ತುಂಗಾ ಈ ವರ್ಷ ಹತ್ತನೆಯ ತರಗತಿಯಲ್ಲವೇ? ಚೆನ್ನಾಗಿ ಓದಲಿ. ಇಂದೂಬಾಯಿಯವರ ಮಂಡಿನೋವು ಕಡಿಮೆಯಾಗಲಿ. ನಿಮಗೆ ಹಾರೈಸಲು ನನ್ನಲ್ಲಿ ಏನೂ ಉಳಿದಿಲ್ಲ.

ಭೀಮಬಾಯಿ

ತಾ.ಕ.: ಲೆಕ್ಕಗಳಲ್ಲಿ ನಾನು ನಮ್ಮ ಕೇರಿಯ ಹುಡುಗಿಯರ ಹೆಸರಿಟ್ಟಿದ್ದೆ. ನೀವು ಒಂದನ್ನೂ ಬಿಡದೆ ನಿಮ್ಮ ಮಂದಿಯ ಹೆಸರು ಹಾಕಿದಿರಿ. ತಿದ್ದಬಹುದೆಂದು ನಾನೇ ಬರೆದುಕೊಟ್ಟಿದ್ದೆ, ಜಗಳಕ್ಕೂ ದಾರಿಯಿಲ್ಲ. ಕೆಂಪು ಬಾಳೆಹಣ್ಣಿನ ಲೆಕ್ಕ ಹಣಮಮ್ಮನದು. ಸಂಜೆ ಶಾಲೆ ಬಿಟ್ಟ ಮೇಲೆ ಅವಳು ಬಸ್‌ಸ್ಟ್ಯಾಂಡಿನಲ್ಲಿ ನಿಜವಾಗಿಯೂ ಹಣ್ಣು ಮಾರುತ್ತಾಳೆ. ಗೈಡಿನ ಆ ಪುಟದ ಮೇಲೆ ಬೆರಳಿಟ್ಟು ಕೇಳಿದಳು: “ನನ್ನ ಬಾಳಿಹಣ್ಣ ಯಾರೋ ಜಾನಕೀಬಾಯಿ ಮಾರಾಕತ್ತಾಳಲ್ರಿ ಬಾಯಾರ. ನಾ ಯಾಕ ಬ್ಯಾಡಾದೆ?” ನಕಲು ಮಾಡಿಸುವ ಮುಂಚೆ ಅವಳ ಹೆಸರನ್ನು ಮತ್ತೆ ಬರೆದೆ. ಯಾಕೆ ಬ್ಯಾಡಾದಳೆಂದು ಮಾತ್ರ ಅವಳಿಗೆ ಹೇಳಲಿಲ್ಲ. ನನಗೆ ಗೊತ್ತಿತ್ತು.