ಸ್ಟೇಟಸ್ಸಿಗೆ ಹಾಕಬ್ಯಾಡ

ಹೊಸಪೇಟೆ

ಸಮಸ್ತ ಮೊಬೈಲ್ ಮಹಾಜನರೇ, ಅವರ ಪೈಕಿ ನನ್ನ ಬ್ಲಾಗನ್ನು ಪೂರ್ತಿ ಓದುವ ಏಕೈಕ ಮಹನೀಯಳಾದ ಕಂಪ್ಲಿಯ ಗಂಗಕ್ಕನವರೇ,

ಸಾಫ್ಟ್‌ವೇರ್ ಪಂಡಿತ ಕಾಗದ ಬರೆದಾನಂತ ನಗಬ್ಯಾಡ. ಫೋನಿನಲ್ಲಿ ಹೇಳುವ ಮಾತಲ್ಲ ಇದು.

ಸಂಡೂರಿನ ಗಣಿ ಲಾರಿಗಳ ಜಿಪಿಎಸ್ ಬಗ್ಗೆ ನಾನು ಬ್ಲಾಗಿನಲ್ಲಿ ನನ್ನ ಹೆಸರು ಹಾಕದೆ ಬರೆದಿದ್ದೆ: 'ಸಾಫ್ಟ್‌ವೇರಿಗೂ ಒಂದು ಪಕ್ಷ ಇರ್ತೈತಿ, ನಕ್ಷೆಯಲ್ಲಿ ನಿಂತ ಲಾರಿ, ರಸ್ತೆಯಲ್ಲಿ ಅದಿರಿನ ಸವಾರಿ.' ನೀನು ಅದನ್ನು 'ನನ್ನ ತಮ್ಮ ಬರೆದದ್ದು' ಅಂತ ಹೆಮ್ಮೆಯಿಂದ ಬೀಗರ ಗ್ರೂಪಿಗೆ ಕಳಿಸಿದಿ. ಮರುದಿನದಿಂದ ನಮ್ಮ ಮನೆ ಎದುರು ಜೀಪೊಂದು ನಿಲ್ಲುತ್ತಿದೆ. ನಿನ್ನೆ ಅದರಲ್ಲಿದ್ದವನು ನಕ್ಕೊಂತ ಕೇಳಿದ, "ಏನ್ರೀ ಕವಿಗಳೇ, ಮಗಳ ಟ್ಯೂಷನ್ ಆರಕ್ಕ ಬಿಡ್ತೈತಲ್ರೀ?"

ಈ ಕಾಗದ ತಂದ ನನ್ನ ಮಗಳು ಸ್ಫೂರ್ತಿಯನ್ನು ನಿನ್ನ ಹತ್ತಿರವೇ ಇಟ್ಟುಕೋ. ಅವಳ ಫೋಟೊ ಸ್ಟೇಟಸ್ಸಿಗೆ ಹಾಕಬ್ಯಾಡ. ಭಾನುವಾರ ಕರ್ಕೊಂಡು ಹೋಗಾಕ ಬರ್ತೀನಿ ಅಂತ ಅವಳಿಗೆ ಹೇಳೀನಿ.

ಬರ್ತೀನೋ ಇಲ್ಲೋ ಗೊತ್ತಿಲ್ಲ, ಅಕ್ಕಾ. ನನಗೆ ಭಾಳ ಹೆದರಿಕೆ ಆಗೇತಿ.

ನಿನ್ನ ತಮ್ಮ,
ಮನೋಹರ್